ಸೌಹಾರ್ದದ ಶಾಲು

ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಗೌರಿಹಬ್ಬದ ಸಾಮಾನು ಹೊತ್ತು ನಿಂತಿದ್ದ ಭಾರ್ಗವಿಗೆ ಪಕ್ಕದ ಹೆಂಗಸರಿಬ್ಬರ ಮಾತು ಕೇಳಿ ಕಿವಿ ನೆಟ್ಟಗಾಯಿತು.

“ಮುನಿಯಕ್ಕ, ನಿನ್ನ ಗಂಡಂಗೂ ನಮ್ಮೋರಿಗೂ ಪಂಚಾಯ್ತಿಯೋರು ಸೌಹಾರ್ದ ಅಂತ ಶಾಲು ಹಾಕಿದ್ರಂತಲ್ಲ!”

“ಊಂ ಮುಬೀನಾ. ಯುಗಾದಿಗೆ ನೀನು ನಮ್ಮನೇಗೆ ಒಬ್ಬಟ್ಟು ತಟ್ಟಿಕೊಡ್ತೀಯ, ರಂಜಾನ್‌ಗೆ ನಾನು ನಿಮ್ಮನೇಗೆ ಶಾವಿಗೆ ಪಾಯಸ ಮಾಡ್ತೀನಿ, ಅದಕ್ಕೆ. ನಮ್ಮೋನು ಅರ್ಧ ಗಂಟೆ ಭಾಷಣ ಬಿಗಿದ.”

“ನೀನು ನಿಜ ಏಳ್ಬಿಟ್ಯಾ?”

“ಏನಂತ ಏಳ್ಲಿ? ನಮ್ನಮ್ಮ ಹಬ್ಬದ ದಿನಾನಾದ್ರೂ ನಾವು ಕಾಲು ಚಾಚ್ಕೊಂಡು ಕೂತಿರಾಕೆ ಮಾಡ್ಕೊಂಡಿದ್ದು ಅಂತಾನಾ? ಶಾಲು ಕಿತ್ಕೊಂಬಿಡ್ತಾರೆ!”

ಇಬ್ಬರೂ ನಗುತ್ತಲೇ ಬೇತಮಂಗಲದ ಬಸ್ಸು ಹತ್ತಿದರು. ನಾಳೆ ಗಂಡನ ಕಡೆಯ ಹನ್ನೆರಡು ಮಂದಿಗೆ ಒಬ್ಬಳೇ ಬೇಯಿಸಬೇಕಿದ್ದ ಭಾರ್ಗವಿ ಕಿಟಕಿಯ ಬಳಿಗೆ ಓಡಿದಳು.

“ಅಕ್ಕಾ, ನಿಮ್ಮ ಸೌಹಾರ್ದಕ್ಕೆ ನನ್ನನ್ನೂ ಸೇರಿಸ್ಕೊಳ್ತೀರಾ?”