ನಾಲ್ಕನೇ ರೀಲು

ಇಲ್ಲ, ಇಲ್ಲ... ನಾಲ್ಕನೇ ರೀಲು ಬೇಡ ಪುಟ್ಟಿ. ಮೂರಾದ ಮೇಲೆ ನೇರವಾಗಿ ಐದು. ಬೂಸ್ಟು ಹಿಡಿದಿತ್ತು ಅಂತ ಹೇಳಿದರಾಯಿತು. ಯಾಕೆ ನಗ್ತೀಯ? ಅಪ್ಪನ ಬಾಯಲ್ಲಿ ಸುಳ್ಳು ಬಂತು ಅಂತಲಾ? ನಗು, ನಗು! ಕಾಪಿ ಪುಸ್ತಕದಲ್ಲಿ ಒಂದಕ್ಷರ ತಪ್ಪಿದರೆ ಇಡೀ ಪುಟ ಹರಿದು ಮತ್ತೆ ಬರೆಸುತ್ತಿದ್ದವನು ನಾನೇ. ಗೊತ್ತು.

ವಿರಾಮ ಹತ್ತೇ ನಿಮಿಷ, ಕೇಳು. ಈ ಮ್ಯೂಸಿಯಮ್ಮಿನ ದಾಖಲೆ ನೋಡಿಕೊಳ್ಳುವವನಾಗಿ ಹೇಳ್ತಿದ್ದೀನಿ, ಅಪ್ಪನಾಗಿ ಅಲ್ಲ. ಸರಿ... ಅಪ್ಪನಾಗಿಯೂ.

ಪ್ರೊಜೆಕ್ಟರಿನ ಪಕ್ಕದ ಈ ಕಿಂಡಿಯಲ್ಲಿ ಕೆಳಗೆ ನೋಡು. ಮೊದಲ ಸಾಲಲ್ಲಿ ಕೋಲು ಹಿಡಿದು ಕೂತಿದ್ದಾರಲ್ಲ, ಅವರೇ ಚಿತ್ರ ಮಾಡಿದ ಅಜ್ಜಿ. ಪಶ್ಚಿಮ ಆಫ್ರಿಕಾದಿಂದ ಇಷ್ಟು ದೂರ ಬಂದಿದ್ದಾರೆ. ಎಂಬತ್ತೊಂದನೇ ಇಸವಿಯಲ್ಲಿ ತಮ್ಮ ತಾಯಿಯ ಊರಲ್ಲೇ ತೆಗೆದ ಚಿತ್ರ. ನಾಲ್ಕನೇ ರೀಲಿನಲ್ಲಿ ಒಂದು ಕುಣಿತ ಇದೆ. ಕುಣಿಯುವವನ ಮುಖಕ್ಕೆ ಮರದ ಮುಖವಾಡ. ಗಲ್ಲದ ಬಿರುಕಿಗೆ ತಾಮ್ರದ ತಂತಿಯ ಹೊಲಿಗೆ. ಬೆಳಿಗ್ಗೆ ನೀನು ಓಡಿಸಿ ನೋಡುವಾಗ ನಾನೂ ಹಿಂದೆ ನಿಂತಿದ್ದೆ. ಆಮೇಲೆ ನೀನು ಕೆಳಗಿಳಿದು, ಎರಡನೇ ಕೋಣೆಯ ಗಾಜಿನ ಪೆಟ್ಟಿಗೆ ಮುಂದೆ... ಕಾವಲಿನವನು ಹೇಳಿದ. ಅರ್ಧ ಗಂಟೆ ನಿಂತಿದ್ದೆಯಂತೆ!

ಎಣಿಸಿದೆಯಾ? ಏಳು ಹೊಲಿಗೆ. ಚಿತ್ರದಲ್ಲೂ ಏಳು, ನಮ್ಮ ಪೆಟ್ಟಿಗೆಯ ಮುಖವಾಡದಲ್ಲೂ ಏಳು.

ಪೆಟ್ಟಿಗೆಯ ಚೀಟಿಯಲ್ಲಿ ಮಾತ್ರ ಮೂವತ್ತೇಳರಲ್ಲಿ ಬಂದದ್ದು ಅಂತಿದೆ. ಮೂವತ್ತೇಳರಲ್ಲಿ ಇಲ್ಲಿಗೆ ಬಂದದ್ದು ಎಂಬತ್ತೊಂದರಲ್ಲಿ ಅಲ್ಲಿ ಹೇಗೆ ಕುಣೀತು? ಅಜ್ಜಿ ಕೇಳ್ತಾರೆ. ಅವರ ಹಿಂದೆ ಕೂತ ಇನ್ನೂರು ಜನ ಕೇಳ್ತಾರೆ.

ನನ್ನನ್ನೇನು ನೋಡ್ತೀಯ? ಅದು ಆಗ ಇಲ್ಲಿ ಮುಖ್ಯಸ್ಥರಾಗಿದ್ದ ಹಳೇ ಸಾಹೇಬರ ಕೆಲಸ. ತೀರಿಹೋದವರ ಮೇಲೆ ಹೇಳಬಾರದು, ಆದರೂ... ಎಂಬತ್ತೇಳರಲ್ಲಿ ಯಾರೋ ಕಂಬಳಿ ಸುತ್ತಿ ಹಿಂದಿನ ಗೇಟಿಗೆ ತಂದರು. ಕಾಗದಪತ್ರ ಒಂದೂ ಇಲ್ಲ. ಕದ್ದ ಮಾಲು ಅಂತ ನೋಡಿದರೇ ಗೊತ್ತಾಗ್ತಿತ್ತು. ಹಳೇ ಕಾಲದಲ್ಲೇ ಬಂದದ್ದು ಅಂತಾದರೆ ಕಾಗದ ಕೇಳುವವರಿಲ್ಲ ನೋಡು! ರಿಜಿಸ್ಟರಿನಲ್ಲಿ 87 ಇದ್ದದ್ದು 37 ಆಯಿತು. ಬಹಳ ಸುಲಭ. ಎಂಟರ ಎಡಭಾಗವನ್ನು ಬ್ಲೇಡಿನಲ್ಲಿ ಕೆರೆದರೆ ಮೂರು ಉಳಿಯುತ್ತೆ. ಒತ್ತಬಾರದು, ಕಾಗದ ತೂತಾಗುತ್ತೆ. ಉಸಿರು ಬಿಗಿಹಿಡಿದು, ಮೇಲಿಂದ ಕೆಳಕ್ಕೆ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ... ಆಮೇಲೆ ಉಗುರಿನಲ್ಲಿ ಉಜ್ಜಿದರೆ ಮತ್ತೆ ನುಣುಪು, ಬೆರಳಿಗೂ ಗೊತ್ತಾಗಲ್ಲ...

ಏನು?

ನನ್ನ ಉಗುರನ್ನೇಕೆ ನೋಡ್ತೀಯ ಮಗಳೇ?

ಸಾಹೇಬರು ಮಾಡು ಅಂದರು, ನಾನು... ಇಲ್ಲ. ಏನಾದರೂ ದಾರಿ ಇದೆಯಾ ನೋಡಿ ಅಂದಿದ್ದರು, ಅಷ್ಟೇ. ಹಾಗೆ ನೋಡಬೇಡ ಪುಟ್ಟಿ! ಬೈಯಿ ಬೇಕಾದರೆ... ಅದೂ ಇಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಕಂಬಳಿ ಬಿಚ್ಚಿದವನು ನಾನು. ಅಷ್ಟು ಚೆಂದದ ಮುಖ... ವಾಪಸ್ ಕಳಿಸೋಕೆ ಮನಸ್ಸೇ ಬರಲಿಲ್ಲ.

ಗಂಟೆ ಹೊಡೀತು. ಜನ ಕೂರ್ತಿದ್ದಾರೆ. ಯಂತ್ರಕ್ಕೆ ಆಗಲೇ ರೀಲು ಏರಿಸಿದ್ದೀಯ... ಯಾವುದದು? ಐದನೆಯದಾ?

ಪುಟ್ಟಿ... ಐದನೆಯದೇ ತಾನೇ?