ಮಿದುಳಿನ ಕೀವು ಕೊಟ್ಟ ಮಾತು

ಸುಗ್ಗಿಯ ದಿನಗಳಾದ್ದರಿಂದ ಆಸ್ಪತ್ರೆಯ ಬೆಂಚುಗಳು ಅರ್ಧ ಖಾಲಿಯಿದ್ದವು. ನೆಲ ಒರೆಸುತ್ತಿದ್ದ ಆಯಾ, ತಲೆಗೆ ಪಟ್ಟಿ ಕಟ್ಟಿಕೊಂಡ ರೈತನೂ ಅವನ ಹೆಂಡತಿಯ ತಮ್ಮನೂ ಕೂತಿದ್ದ ಕಡೆ ಬಂದಾಗ ಬೇಕೆಂದೇ ನಿಧಾನವಾದಳು.

"ಭಾವ, ಕರು ಯಾವಾಗ ಹೊಡ್ಕೊಂಡು ಹೋಗ್ಲಿ?"

"ಯಾವ ಕರು?"

"ಜ್ವರದಲ್ಲಿ ಕೈ ಹಿಡ್ಕೊಂಡು, ನಿನ್ನಂಥ ಭಾಮೈದ ಯಾರಿಗೂ ಇಲ್ಲ, ಕೆಂಪು ಕರು ನಿಂಗೇ ಅಂದ್ರಲ್ಲ."

"ಅದು ನಾನಲ್ಲಪ್ಪ, ಕೀವು. ಹುಳುಕು ಹಲ್ಲಿಂದ ಮಿದುಳಿಗೆ ಏರಿತ್ತು ಅಂತ ಡಾಕ್ಟರೇ ಹೇಳಿದ್ರು."

"ಮದುವೆಯಾದಾಗಿಂದ ನನ್ನ ಬೈತಿದ್ದೋರು ಹೊಗಳಿದ್ದು ಕೇಳಿಯೇ ಅಕ್ಕ ಗಾಬರಿಬಿದ್ದು ನಿಮ್ಮನ್ನ ಇಲ್ಲಿಗೆ ತಂದದ್ದು. ಡಾಕ್ಟರು ತಲೆ ಸ್ಕ್ಯಾನ್ ಮಾಡ್ಸಿದ್ದೂ ಅದಕ್ಕೇ."

"ತಲೆಗೆ ತೂತು ಕೊರೆದು ಕೀವು ತೆಗೆದ್ರಲ್ಲ, ಮಾತೂ ಅದರ ಜೊತೆ ಹೋಯ್ತು."

"ಕೀವು ಪೂರ್ತಿ ಹೋಗಿಲ್ಲ. ಸಾಸಿವೆಯಷ್ಟು ಉಳಿದಿದೆ, ಇನ್ನೂ ಇಂಜೆಕ್ಷನ್ ಬೇಕು ಅಂದ್ರು."

ರೈತ ಪಟ್ಟಿ ಸವರಿಕೊಂಡು ಯೋಚಿಸಿದ.

"ಹಾಗಾದ್ರೆ ಉಳಿದಷ್ಟು ಮಾತಿಗೆ ಕರುವಿನ ಹಗ್ಗ ತಗೊಂಡು ಹೋಗು."

ಅಷ್ಟರಲ್ಲಿ ನರ್ಸ್ ಇಂಜೆಕ್ಷನ್ನಿಗೆ ಕರೆದಳು. ಭಾಮೈದ ಅವನನ್ನು ಹುಷಾರಾಗಿ ಎಬ್ಬಿಸಿ, ತೋಳು ಹಿಡಿದು, ಒದ್ದೆ ನೆಲ ತಪ್ಪಿಸಿ ನಡೆಸಿಕೊಂಡು ಹೋದ. ಬಾಗಿಲು ಮುಚ್ಚುವ ಮೊದಲು ಆಯಾಗೆ ಕೇಳಿಸಿದ್ದು ಇಷ್ಟು:

"ಹಗ್ಗದ ತುದೀಲಿ ಕರು ಇದ್ರೆ ಬಿಚ್ಚೋಕೆ ಹೋಗ್ಬೇಡಿ ಭಾವ, ನಿಮಗಿನ್ನೂ ಸುಸ್ತು."