ಒಂಬತ್ತರ ನೋವು ಐದಕ್ಕೆ

ಶಹಾಪುರದ ಒಂದು ಸಣ್ಣ ದವಾಖಾನೆಯಲ್ಲಿ ಚಂದ್ರಕಲಾ ತನ್ನ ಸರದಿಗಾಗಿ ಕಾಯುತ್ತಿದ್ದಳು. ಅದೇ ಬೆಂಚಿನ ಮೇಲೆ ಮೀನು ಮಾರುವ ಸಾಯಬಮ್ಮ ಸೊಂಟ ಹಿಡಿದು ಕುಳಿತಿದ್ದಳು. ಗಂಡ ಗುರಪ್ಪ ತನ್ನ ಟವೆಲ್ಲು ಮಡಚಿ ಅವಳ ಬೆನ್ನಿಗೆ ಇಟ್ಟಿದ್ದ.

"ಇವತ್ತಾದ್ರೂ ಡಾಕ್ಟರ್ ಮುಂದ ಚ್ಯಾಷ್ಟಿ ಮಾಡಬ್ಯಾಡ."

"ನಾ ಏನ್ ಮಾಡೀನಿ?"

"ಹೋದ ಸಲ ಹತ್ತರಾಗ ನೋವು ಎಷ್ಟೈತಿ ಅಂತ ಕೇಳಿದ್ರ, 'ಒಂಬತ್ತ್ರಿ, ಖಾಯಂ ಗಿರಾಕಿ ಅದೀರಿ, ನಿಮಗ ಐದಕ್ಕ ಕೊಡ್ತೀನಿ' ಅಂದಿ."

"ಅವರು ಹೊಟ್ಟಿ ಹಿಡ್ಕೊಂಡು ನಕ್ರಲ್ಲ."

"ನಕ್ಕು ಐದೇ ಬರ್ಕೊಂಡ್ರು. ಗುಳಿಗಿ ಅರ್ಧ ಮಾಡಿದ್ರು. ರಾತ್ರಿಯೆಲ್ಲಾ ಗ್ವಾಡಿ ಹಿಡ್ಕೊಂಡು ನಿಂತಾಕಿ ನೀನೇ."

"ಹಳೇ ಗ್ವಾಡಿ, ಬೀಳಬಾರದಂತ ಹಿಡಿದಿದ್ದೆ."

ಚಂದ್ರಕಲಾಗೆ ನಗು ಬಂತು. ಗುರಪ್ಪ ನಗಲಿಲ್ಲ.

"ನಿನಗ ಕೈ ಮುಗೀತೀನಿ. ಒಂಬತ್ತು ಇದ್ರ ಒಂಬತ್ತೇ ಅನ್ನು."

ಒಳಗಿನಿಂದ ಸಾಯಬಮ್ಮನ ಹೆಸರು ಕೂಗಿದರು. ಅವಳು ಅವನ ಹೆಗಲು ಹಿಡಿದು ಎದ್ದಳು. ಅವನೂ ಎದ್ದ.

"ನೀ ಇಲ್ಲೇ ಕುಂದ್ರು."

"ಯಾಕ?"

"ನಿನ್ನ ಮಾರಿ ನೋಡ್ಕೋತ ಒಂಬತ್ತು ಅನ್ನಾಕ ನನಗ ಬರಂಗಿಲ್ಲ."

ಅವಳು ಗೋಡೆ ಹಿಡಿದು ಒಬ್ಬಳೇ ಒಳಗೆ ಹೋದಳು. ಗುರಪ್ಪ ಬಾಗಿಲಿಗೆ ಕಿವಿಗೊಟ್ಟು ಕುಳಿತ. ಬಹಳ ಹೊತ್ತಾದರೂ ಒಳಗೆ ಯಾರೂ ನಗಲಿಲ್ಲ.